ಸಭೆಯ ಬೀರುವಿನೊಳಗಿನ ಮೂರು ಪುಸ್ತಕ

ಚರ್ಚಿನಿಂದ ಊರಿಗೆ ಏನಾಯಿತು ಎಂದು ಕೇಳಿದರೆ ನಮ್ಮ ಕಡೆ ಶಾಲೆ, ಆಸ್ಪತ್ರೆ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಬಳ್ಳಾರಿಯವರಾದರೆ ವಾರ್ಡ್ಲಾ ಹೈಸ್ಕೂಲಿನ ಹೆಸರನ್ನೂ ಸೇರಿಸುತ್ತಾರೆ. ಒಪ್ಪೋಣ. ಆದರೆ ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಸಣ್ಣ ಸಭೆಯೊಂದರ (ಅಂದರೆ ಒಂದು ಚರ್ಚಿಗೆ ಸೇರಿದ ವಿಶ್ವಾಸಿಗಳ ಗುಂಪಿನ) ಕುಟುಂಬಕ್ಕೆ ಚರ್ಚು ನಿಜವಾಗಿ ನೆನಪಾಗುವುದು ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ, ಗಂಡ ತೀರಿಕೊಂಡ ಮೇಲೆ ಪಿಂಚಣಿಗೆ ಓಡಾಡುವಾಗ, ಮಗನ ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ಸಾಲುಗಟ್ಟಿದಾಗ. "ಅಯ್ಯನವರೇ, ಒಂದು ಲೆಟರ್ ಬರೆದುಕೊಡ್ರಿ" ಎಂದು ಬರುತ್ತಾರೆ. ಅವರಿಗೆ ಬೇಕಾಗಿರುವುದು ರಿಜಿಸ್ಟರಿನ ನಕಲು. ಲೆಟರ್‌ಹೆಡ್ಡಿನ ಮೇಲೆ ಇವತ್ತು ಬರೆದ ಮಾತನ್ನು ಕಚೇರಿಯವರು ಪಕ್ಕಕ್ಕಿಡುತ್ತಾರೆ. ಇಪ್ಪತ್ತು ವರ್ಷದ ಹಿಂದೆ, ಯಾರಿಗೂ ಯಾವ ಲಾಭದ ಲೆಕ್ಕವೂ ಇಲ್ಲದಾಗ, ಸಾಲಿನಲ್ಲಿ ಬರೆದಿಟ್ಟ ಮಾತನ್ನು ಹಾಗೆ ಪಕ್ಕಕ್ಕಿಡಲು ಬರುವುದಿಲ್ಲ.

ಚರ್ಚಿನ ನಾಗರಿಕ ಕೆಲಸ ಪ್ರಸಂಗಪೀಠದ ಮೇಲೆ ನಡೆಯುವುದಕ್ಕಿಂತ ಆಫೀಸಿನ ಮೇಜಿನ ಮೇಲೆ ನಡೆಯುವುದೇ ಹೆಚ್ಚು ಎಂದು ನಾನು ಹೇಳುತ್ತೇನೆ. ಬೀರುವಿನಲ್ಲಿರುವ ಪುಸ್ತಕಗಳು ಮೂರು: ದೀಕ್ಷಾಸ್ನಾನದ್ದು (ಬ್ಯಾಪ್ಟಿಸಮ್; ಕಥೋಲಿಕರು ಜ್ಞಾನಸ್ನಾನ ಎನ್ನುತ್ತಾರೆ), ಮದುವೆಯದು, ಸಮಾಧಿಯದು. ಇವನ್ನು ಸರಿಯಾಗಿ ಬರೆಯುವ ಸಭೆ, ಬರೆಯದ ಸಭೆ ಎಂದು ಎರಡೇ ಜಾತಿ.

ಇದರಲ್ಲಿ ಒಂದು ವ್ಯಂಗ್ಯವಿದೆ. ಕನ್ನಡಕ್ಕೆ ಅಚ್ಚಿನ ಮೊಳೆ ಹತ್ತಿರವಾದ ಊರುಗಳಲ್ಲಿ ಬಳ್ಳಾರಿಯೂ ಒಂದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಕನ್ನಡ ಸತ್ಯವೇದದ ಅನುವಾದ ನಡೆದದ್ದು ಇಲ್ಲಿ. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಹೊರತಂದರು. ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಶುರುವಾದ 'ಮಂಗಳೂರ ಸಮಾಚಾರ' ಪತ್ರಿಕೆ ಮರುವರ್ಷ ಮೊಳೆಯಚ್ಚು ಹುಡುಕಿಕೊಂಡು ಬಂದು 'ಕನ್ನಡ ಸಮಾಚಾರ' ಆದದ್ದೂ ಇದೇ ಬಳ್ಳಾರಿಯಲ್ಲಿ. ಇನ್ನು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೋಲಿಕರ ಕಥೆ ಆದಿಲ್‌ಶಾಹಿ ಕಾಲಕ್ಕೇ ಹೋಗುತ್ತದೆ. ಇಷ್ಟು ಹಳೆಯ ಅಕ್ಷರದ ನಂಟು ಇರುವ ನೆಲದಲ್ಲಿ ಇವತ್ತು ಎಷ್ಟೋ ಸಭೆಗಳ ಮದುವೆ ದಾಖಲೆ ಎಂದರೆ ಫೋಟೋ ಆಲ್ಬಮ್ಮು ಮತ್ತು ಲಗ್ನಪತ್ರಿಕೆ, ಅಷ್ಟೇ.

ಮದುವೆಯ ಪುಸ್ತಕದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮೂರರಲ್ಲಿ ಕಾನೂನಿನ ತೂಕ ನೇರವಾಗಿ ಇರುವುದು ಅದಕ್ಕೇ. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರದು. ಮದುವೆ ಮಾಡಿಸಲು ಯಾರಿಗೆ ಅಧಿಕಾರ ಎಂಬುದು ಅದರ 5ನೇ ಕಲಮಿನಲ್ಲಿದೆ: ಬಿಷಪರಿಂದ ಅಭಿಷೇಕ ಹೊಂದಿ ತಮ್ಮ ಸಭೆಯ ವಿಧಿಯಂತೆ ನಡೆಸುವವರು, ರಾಜ್ಯ ಸರ್ಕಾರದಿಂದ ಲೈಸೆನ್ಸ್ ಪಡೆದ ಬೋಧಕರು, ಸರ್ಕಾರ ನೇಮಿಸಿದ ಮದುವೆ ರಿಜಿಸ್ಟ್ರಾರ್, ಇತ್ಯಾದಿ. ಕಥೋಲಿಕ ಗುರುಗಳಿಗೆ ತೊಂದರೆ ಇಲ್ಲ. ತೊಂದರೆ ಇರುವುದು ಯಾವ ಬಿಷಪರ ಅಡಿಯಲ್ಲೂ ಇಲ್ಲದ ಸ್ವತಂತ್ರ ಸಭೆಗಳಲ್ಲಿ. ಬೈಬಲ್ ಕಾಲೇಜು ಕೊಟ್ಟ ಆರ್ಡಿನೇಷನ್ (ಬೋಧಕ ದೀಕ್ಷೆಯ) ಸರ್ಟಿಫಿಕೇಟನ್ನು ಫ್ರೇಮು ಹಾಕಿಸಿ ಗೋಡೆಗೆ ಹಾಕಿರುತ್ತಾರೆ. ಅದೇ ಲೈಸೆನ್ಸ್ ಎಂದು ಪಾಸ್ಟರೂ ನಂಬಿರುತ್ತಾರೆ, ಸಭೆಯವರೂ ನಂಬಿರುತ್ತಾರೆ. ಸಭೆಯನ್ನು ಟ್ರಸ್ಟ್ ಅಥವಾ ಸೊಸೈಟಿ ಎಂದು ನೋಂದಾಯಿಸಿದ ಪತ್ರವೂ ಲೈಸೆನ್ಸ್ ಅಲ್ಲ. ಅಧಿಕಾರವಿಲ್ಲದೆ ಮದುವೆ ಮಾಡಿಸಿದರೆ 68ನೇ ಕಲಮಿನಡಿ ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಶಿಕ್ಷೆಯ ಮಾತು ಹಾಗಿರಲಿ, ಪೆಟ್ಟು ಬೀಳುವುದು ಹೆಣ್ಣುಮಗಳಿಗೆ. ಗಂಡ ಬಿಟ್ಟುಹೋದಾಗ ಅಥವಾ ಸತ್ತಾಗ "ಮದುವೆಯೇ ಆಗಿಲ್ಲ" ಎಂದು ಗಂಡನ ಮನೆಯವರು ವಾದ ಹೂಡಲು ಇಷ್ಟು ಸಾಕು.

ಲೈಸೆನ್ಸಿನಲ್ಲಿ ಎರಡು ಬಗೆ ಇರುವುದನ್ನೂ ಹೇಳಬೇಕು. 6ನೇ ಕಲಮಿನದು ಬೋಧಕರಿಗೆ. 9ನೇ ಕಲಮಿನದು ಯಾವ ಕ್ರೈಸ್ತನಿಗಾದರೂ ಸಿಗಬಹುದು, ಆದರೆ ಇಬ್ಬರೂ ಭಾರತೀಯ ಕ್ರೈಸ್ತರಾಗಿದ್ದರೆ ಮಾತ್ರ ಅದು ನಡೆಯುತ್ತದೆ. ಹುಡುಗ ಸಭೆಯವನು, ಹುಡುಗಿಯ ಮನೆಯವರು ಇನ್ನೂ ಹುಲಿಗೆಮ್ಮ ದೇವಿಯ ಒಕ್ಕಲು ಎಂಬಂಥ ಸಂಬಂಧದಲ್ಲಿ 9ನೇ ಕಲಮಿನ ಲೈಸೆನ್ಸ್ ಹಿಡಿದು ಹೊರಟರೆ ಕೆಟ್ಟಂತೆ. ಅಂಥ ಜೋಡಿಗೂ, ಲೈಸೆನ್ಸ್ ಇಲ್ಲದ ಪಾಸ್ಟರ ಸಭೆಯವರಿಗೂ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ: ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಅಲ್ಲಿ ಸಹಿ ಮುಗಿಸಿ ಬಂದು ಸಭೆಯಲ್ಲಿ ಆಶೀರ್ವಾದದ ಆರಾಧನೆ ಇಟ್ಟುಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಕೆಲವು ಪಾಸ್ಟರಿಗೆ ಸಂಕೋಚ. ಹೇಳುವವರೇ ಜವಾಬ್ದಾರಿ ಅರಿತವರು ಎಂದು ನನ್ನ ಲೆಕ್ಕ.

ಲೈಸೆನ್ಸ್ ಇರುವ ಬೋಧಕರಾದರೆ ಕ್ರಮ ಹೀಗೆ. ಮದುವೆಯಾಗುವವರಲ್ಲಿ ಒಬ್ಬರು ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು: ಇಬ್ಬರ ಹೆಸರು, ಉದ್ಯೋಗ, ವಾಸ, ಅಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಮದುವೆ ಯಾವ ಚರ್ಚಿನಲ್ಲಿ. ಅದನ್ನು ಚರ್ಚಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬೇಕು. ಭಾನುವಾರ ಪ್ರಕಟಣೆಯಲ್ಲಿ ಓದಿದೆವು ಎಂಬುದು ಅದರ ಬದಲಿಗೆ ಆಗುವುದಿಲ್ಲ. ಆಮೇಲೆ ತಡೆಯಾಗುವ ರಕ್ತಸಂಬಂಧವಾಗಲಿ ಬೇರೆ ಅಡ್ಡಿಯಾಗಲಿ ಇಲ್ಲವೆಂಬ ಘೋಷಣೆ, ಅದರ ಮೇಲೆ ನೋಟಿಸಿನ ಸರ್ಟಿಫಿಕೇಟು. ಆ ಸರ್ಟಿಫಿಕೇಟಿಗೆ ಎರಡು ತಿಂಗಳ ಆಯುಷ್ಯ. ಗುಳೆ ಹೋದ ಹುಡುಗ ಬೆಂಗಳೂರಿನಿಂದ ಬರುವುದು ತಡವಾಗಿ ಮದುವೆ ಮುಂದಕ್ಕೆ ಹೋಯಿತೆಂದರೆ ಮತ್ತೆ ನೋಟಿಸಿನಿಂದಲೇ ಶುರು.

ಮದುವೆ ನಡೆಯಬೇಕಾದದ್ದು ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಬಿಷಪರ ವಿಶೇಷ ಅನುಮತಿಯ ಮಾತು ಬೇರೆ. ನಮ್ಮ ಕಡೆ ಬೇಸಿಗೆಯ ಬಿಸಿಲಿಗೆ ಹೆದರಿ ಮೆರವಣಿಗೆಯನ್ನು ಐದಕ್ಕೆ ಹೊರಡಿಸುತ್ತಾರೆ, ಬ್ಯಾಂಡಿನವರು ಪ್ರತಿ ಸರ್ಕಲ್ಲಿನಲ್ಲೂ ನಿಲ್ಲುತ್ತಾರೆ, ಚರ್ಚಿನ ಬಾಗಿಲಿಗೆ ಬರುವಾಗ ಆರೂ ಮುಕ್ಕಾಲು. ಸಮಯ ಮೀರಿ ಮಾಡಿಸಿದರೆ ಬೋಧಕರ ಮೇಲೆ ಮೂರು ವರ್ಷದವರೆಗಿನ ಶಿಕ್ಷೆಯ ಕಲಮು ಇದೆ. ಹಾಗಾಗಿ ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಪಾಸ್ಟರು ಸಮಯ ನೋಡಬೇಕು. ಬೋಧಕರನ್ನು ಬಿಟ್ಟು ಇಬ್ಬರು ಸಾಕ್ಷಿಗಳು ಕಡ್ಡಾಯ. ಮದುವೆ ಮುಗಿದ ಕೂಡಲೇ, ಊಟಕ್ಕೆ ಎದ್ದುಹೋಗುವ ಮೊದಲು, ಪುಸ್ತಕದಲ್ಲಿ ಒಮ್ಮೆ, ಅದಕ್ಕೆ ಹೊಂದಿಕೊಂಡ ಸರ್ಟಿಫಿಕೇಟಿನಲ್ಲಿ ಒಮ್ಮೆ ಬರೆದು, ಬೋಧಕರು, ದಂಪತಿ, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆ ಸರ್ಟಿಫಿಕೇಟನ್ನು ಬಿಡಿಸಿ ಒಂದು ತಿಂಗಳೊಳಗೆ ಜಿಲ್ಲೆಯ ಮದುವೆ ರಿಜಿಸ್ಟ್ರಾರರಿಗೆ ಕಳಿಸಬೇಕು. ಹೆಚ್ಚಿನ ಕಡೆ ಮುರಿಯುವುದು ಈ ಕೊನೆಯ ಹೆಜ್ಜೆ. ಪುಸ್ತಕ ತೆರೆದರೆ ಎರಡು ವರ್ಷದ ಸರ್ಟಿಫಿಕೇಟುಗಳು ಬಿಡಿಸದೆ ಅಲ್ಲೇ ಅಂಟಿಕೊಂಡಿರುತ್ತವೆ. ಕಳಿಸಿದರೆ ಸ್ವೀಕೃತಿ ಪಡೆದು, ಅದರ ತಾರೀಖನ್ನು ಪುಸ್ತಕದ ಷರಾ ಜಾಗದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಅದು ಕಾಯ್ದೆಯಲ್ಲಿಲ್ಲ, ಅನುಭವದ ಮಾತು.

ಇನ್ನು ಆ ಒಂದು ಸಾಲನ್ನು ಹೇಗೆ ಬರೆಯುವುದು ಎಂಬುದಕ್ಕೆ ಬರೋಣ. ಮುಕ್ಕಾಲು ಪಾಲು ತಂಟೆ ಹೆಸರಿನದು. ಆಧಾರ್ ಮತ್ತು ಶಾಲೆಯ ಟಿಸಿಯಲ್ಲಿ ಹುಲಿಗೆಮ್ಮ, ಸಭೆಯಲ್ಲಿ ರೂತ್. ಪಾಸ್ಟರು ಪ್ರೀತಿಯಿಂದ ಪುಸ್ತಕದಲ್ಲಿ ರೂತ್ ಎಂದಷ್ಟೇ ಬರೆಯುತ್ತಾರೆ. ಆ ರೂತ್ ಸರ್ಕಾರದ ಯಾವ ಪುಸ್ತಕದಲ್ಲೂ ಹುಟ್ಟಿಯೇ ಇಲ್ಲ. "ಹುಲಿಗೆಮ್ಮ ಉರುಫ್ ರೂತ್, ತಂದೆ ದುರುಗಪ್ಪ" ಎಂದು ಬರೆದರೆ ಇಬ್ಬರೂ ಒಬ್ಬಳೇ ಆಗುತ್ತಾಳೆ. ಹುಡುಗನ ಕಡೆ ತೆಲುಗಿನ ಛಾಯೆ ಬೇರೆ: ದೇವದಾನಂ, ದೇವದಾನಪ್ಪ, ದೇವದಾನ ಮೂರೂ ಒಬ್ಬನೇ ಮನುಷ್ಯನಾಗಿರಬಹುದು. ಬರೆಯುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದರೆ ಅದನ್ನೇ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹಾಗೇ ಇಳಿಸಬೇಕು.

ವಯಸ್ಸಿನ ಕಾಲಂ ಎರಡನೆಯದು. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ, ಇನ್ನರ್ಧ ಜನವರಿ 1ಕ್ಕೆ. ಮೊದಲನೆಯದು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಕೊಡುಗೆ, ಎರಡನೆಯದು ಆಧಾರ್ ಯಂತ್ರದ್ದು. ಆಧಾರ್ ಒಂದನ್ನೇ ನೋಡಿ ವಯಸ್ಸು ಬರೆಯಬಾರದು. ಹುಡುಗನಿಗೆ 21, ಹುಡುಗಿಗೆ 18 ತುಂಬದಿದ್ದರೆ ದಾಕ್ಷಿಣ್ಯದ ಮಾತೇ ಇಲ್ಲ: ಕರ್ನಾಟಕದ ತಿದ್ದುಪಡಿಯ ನಂತರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮಾಡಿಸಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. "ನಿಶ್ಚಿತಾರ್ಥ ಅಷ್ಟೇ ರೀ, ಪ್ರಾರ್ಥನೆ ಮಾಡಿಬಿಡ್ರಿ" ಎಂದು ಕರೆಯುವ ಮನೆಗಳಲ್ಲಿ ಅದೇ ದಿನ ತಾಳಿಯೂ ಸಿದ್ಧವಿರುತ್ತದೆ ಎಂಬುದು ರಾಯಚೂರು, ಕೊಪ್ಪಳದ ಪಾಸ್ಟರುಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ತಪ್ಪು ಬಿದ್ದರೆ? ಇಲ್ಲಿಯೇ ಜನ ವೈಟ್ನರ್ ಹುಡುಕುತ್ತಾರೆ. ವೈಟ್ನರ್ ಬಿದ್ದ ಸಾಲು ಸತ್ತ ಸಾಲು. ಅಡಿಯಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಮುಂದೆ ಯಾರೂ ಉತ್ತರ ಕೊಡಲಾರರು. ಕಾಯ್ದೆಯ 78ನೇ ಕಲಮು ದಾರಿ ತೋರಿಸಿದೆ: ತಪ್ಪು ಗೊತ್ತಾದ ಒಂದು ತಿಂಗಳೊಳಗೆ, ಮದುವೆಯಾದವರ ಎದುರಿನಲ್ಲಿ, ಅವರು ಇಲ್ಲವಾದರೆ ಅಥವಾ ಊರಲ್ಲಿಲ್ಲವಾದರೆ ಇಬ್ಬರು ನಂಬಿಕಸ್ಥ ಸಾಕ್ಷಿಗಳ ಎದುರಿನಲ್ಲಿ, ಮೂಲ ಬರಹವನ್ನು ಮುಟ್ಟದೆ, ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ, ಸಹಿ ಮಾಡುವುದು. ಸಾಕ್ಷಿಗಳೂ ಸಹಿ ಮಾಡಬೇಕು. ಸರ್ಟಿಫಿಕೇಟು ಆಗಲೇ ರಿಜಿಸ್ಟ್ರಾರರಿಗೆ ಹೋಗಿದ್ದರೆ ತಿದ್ದುಪಡಿಯ ಸರ್ಟಿಫಿಕೇಟನ್ನೂ ಕಳಿಸಬೇಕು. ಹೊಡೆದುಹಾಕುವುದು, ಮೇಲೆ ಬರೆಯುವುದು, ಹಾಳೆ ಕಿತ್ತು ಹೊಸದಾಗಿ ಬರೆಯುವುದು ಯಾವುದೂ ಬೇಡ. ಬೇಕೆಂದೇ ರಿಜಿಸ್ಟರನ್ನು ಕೆಡಿಸಿದವರಿಗೆ ಏಳು ವರ್ಷದವರೆಗೆ ಶಿಕ್ಷೆ ಎಂದು 76ನೇ ಕಲಮು ಹೇಳುತ್ತದೆ. 150 ವರ್ಷ ಹಳೆಯ ಕಾಯ್ದೆ ಎಂದು ಹಗುರವಾಗಿ ಮಾತಾಡುವವರು ಈ ಒಂದು ಕಲಮನ್ನು ಓದಿದರೆ ಸಾಕು. ದಾಖಲೆ ತಿದ್ದುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಕ್ರಮ ನಾನು ಕಂಡಿಲ್ಲ.

ದೀಕ್ಷಾಸ್ನಾನದ ಪುಸ್ತಕದ ಬಗ್ಗೆ ಹೇಳಬೇಕಾದದ್ದು ಕಡಿಮೆ, ಆದರೆ ಮುಖ್ಯ. ಅದು ಜನನ ಪ್ರಮಾಣಪತ್ರ ಅಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಆ ದಿನದ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಮಗುವನ್ನು ಪವಿತ್ರ ಜಲದ ಹತ್ತಿರ ತರುವ ಮೊದಲು ಜನನ ಪ್ರಮಾಣಪತ್ರ ತೋರಿಸಿ ಎಂದು ಕೇಳುವ ಸಭೆ ಬುದ್ಧಿವಂತ ಸಭೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ನೋಂದಣಿ ಹೆಸರಿಲ್ಲದೆ ಆಗಿರುತ್ತದೆ. ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರನ್ನೇ ಅದೇ ವಾರ ಅಲ್ಲಿಯೂ ಸೇರಿಸಿದರೆ ಮುಂದಿನ ಹುಲಿಗೆಮ್ಮ-ರೂತ್ ತಾಪತ್ರಯ ಹುಟ್ಟುವುದೇ ಇಲ್ಲ. ಹಿರಿಯರ ವಿಷಯ ಬೇರೆ. ಜನನ ನೋಂದಣಿಯೇ ಆಗದ ಅಜ್ಜ ಅಜ್ಜಿಯರಿಗೆ ವರ್ಷ ಮೀರಿದ ನೋಂದಣಿಗಾಗಿ ಅರ್ಜಿ ಹಾಕುವಾಗ ಹಳೆಯ ಪುಸ್ತಕದ ಸಾಲು ಪೂರಕ ಸಾಕ್ಷ್ಯವಾಗುತ್ತದೆ. ಸ್ನಾನದ ತಾರೀಖಿನ ಜೊತೆಗೆ ಹುಟ್ಟಿದ ತಾರೀಖು, ತಾಯಿಯ ಹೆಸರು, ಊರು ಬರೆದಿದ್ದರೆ ಮಾತ್ರ.

ಇದೇ ಪುಸ್ತಕಕ್ಕೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾದ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮವನ್ನು ಪಾಲಿಸುವವರು ಪರಿಶಿಷ್ಟ ಜಾತಿಯವರೆನಿಸುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರೂ ಜಿಲ್ಲೆಗಳ ಸಭೆಗಳಲ್ಲಿ ಕುಳಿತವರಲ್ಲಿ ದೊಡ್ಡ ಪಾಲು ಯಾವ ಕೇರಿಯಿಂದ ಬಂದವರೆಂದು ಎಲ್ಲರಿಗೂ ಗೊತ್ತು. ಕೇರಿ ಬದಲಾಗಲಿಲ್ಲ, ಬಾವಿಕಟ್ಟೆಯ ಮೇಲಿನ ಮಾತು ಬದಲಾಗಲಿಲ್ಲ, ಸರ್ಟಿಫಿಕೇಟು ಮಾತ್ರ ಬದಲಾಯಿತು ಎಂಬ ಅವರ ದೂರಿನಲ್ಲಿ ಹುರುಳಿದೆ. ಇದನ್ನು ಪರಿಶೀಲಿಸಲೆಂದೇ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರಿಗೆ 3ಬಿಯಲ್ಲಿ ಜಾಗವಿದೆ. ನಾಯಕ ಸಮುದಾಯದವರಿಗೆ ಈ ಪ್ಯಾರಾ ಅನ್ವಯಿಸುವುದಿಲ್ಲ, ಏಕೆಂದರೆ ಪರಿಶಿಷ್ಟ ಪಂಗಡದ ಆದೇಶದಲ್ಲಿ ಧರ್ಮದ ಷರತ್ತೇ ಇಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಈ ವ್ಯತ್ಯಾಸ ತಿಳಿಯದೆ ಗಾಬರಿಯಾಗುವವರು ಬಹಳ.

ಪಾಸ್ಟರ ಮೇಜಿಗೆ ಇದು ಬರುವ ರೀತಿ ಗೊತ್ತಿದ್ದದ್ದೇ. "ನಮ್ಮ ಹುಡುಗಂದು ಸ್ನಾನ ಆಗಿಲ್ಲ ಅಂತ ಒಂದು ಪತ್ರ ಕೊಡ್ರಿ." ಅಥವಾ ಪುಸ್ತಕದ ಒಂದು ಹಾಳೆ ಕಾಣೆಯಾಗಲಿ ಎಂಬ ಸೂಚನೆ. ಕೊಡಬಾರದು, ಕಾಣೆಯಾಗಲೂಬಾರದು. ಕೇರಳದ ದೇವಿಕುಲಂ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರದ ಶಾಸಕರ ಆಯ್ಕೆಯನ್ನು, ಅವರು ಕ್ರೈಸ್ತರೆಂಬ ಕಾರಣಕ್ಕೆ, 2023ರಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿದಾಗ ಸಾಕ್ಷಿಕಟ್ಟೆಗೆ ಬಂದದ್ದು ಚರ್ಚಿನ ರಿಜಿಸ್ಟರುಗಳೇ. 2025ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಗೆದ್ದವರು ಯಾರೇ ಆಗಲಿ, ಅಷ್ಟೂ ವರ್ಷ ವಾದ ನಡೆದದ್ದು ಪುಸ್ತಕದ ಸಾಲುಗಳ ಮೇಲೆ. ಸುಳ್ಳು ಪತ್ರ ಕೊಟ್ಟ ಪಾಸ್ಟರು ಮುಂದೊಂದು ದಿನ ಅದೇ ಕಟ್ಟೆಯಲ್ಲಿ ನಿಲ್ಲಬೇಕಾಗುತ್ತದೆ. ಕುಟುಂಬಕ್ಕೆ ನಿಜ ಹೇಳಿ ಪ್ರವರ್ಗ 1ರ ಅರ್ಜಿ ತುಂಬಿಸುವುದು ಕಷ್ಟದ ಮಾತು, ಆದರೂ ಅದೇ ದಾರಿ.

ಸಮಾಧಿಯ ಪುಸ್ತಕವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮರಣ ನೋಂದಣಿಗೆ 21 ದಿನ. ದಾಟಿದರೆ 30 ದಿನದವರೆಗೆ ತಡದ ಶುಲ್ಕ, ಆಮೇಲೆ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಮನೆಯಲ್ಲೇ ತೀರಿಕೊಂಡ ಅಜ್ಜಿಯ ನೋಂದಣಿ ಮರೆತೇ ಹೋಗುತ್ತದೆ. ಎಂಟನೇ ದಿನಕ್ಕೋ ಹತ್ತನೇ ದಿನಕ್ಕೋ ಪ್ರಾರ್ಥನಾ ಕೂಟ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆಯಲ್ಲ, ಅಲ್ಲಿಗೆ ಹೋದ ಪಾಸ್ಟರು "ನೋಂದಣಿ ಆಯಿತೇನು?" ಎಂದು ಕೇಳಿದರೆ ಇನ್ನೂ ಹತ್ತು ದಿನ ಕೈಯಲ್ಲಿರುತ್ತದೆ.

ಇನ್ನು ಜಾಗ. ನಮ್ಮದು ಎರೆ (ಕಪ್ಪು ಮಣ್ಣಿನ) ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮಳೆಗಾಲದಲ್ಲಿ ನೆಟ್ಟಗೆ ಗುಂಡಿ ತೋಡಿದರೆ ಪಕ್ಕದ ಗೋಡೆ ಕುಸಿದು ತೋಡುವವರ ಕಾಲ ಮೇಲೇ ಬೀಳುತ್ತದೆ. ಬಾಯಿಯನ್ನು ಅಗಲವಾಗಿಸಿ ಒಳಕ್ಕೆ ಇಳಿಜಾರಾಗಿ ತೋಡಬೇಕು, ತೆಗೆದ ಮಣ್ಣನ್ನು ಅಂಚಿನಿಂದ ಮೂರು ಅಡಿಯಾದರೂ ಆಚೆ ಹಾಕಬೇಕು, ಇಲ್ಲವಾದರೆ ಆ ಭಾರಕ್ಕೇ ಅಂಚು ಕುಸಿಯುತ್ತದೆ. ಮೇಲೆ ಸಿಮೆಂಟಿನ ಗೋರಿ ಕಟ್ಟಿದವರು ಒಂದೆರಡು ಮಳೆಗಾಲದಲ್ಲೇ ಬಿರುಕು ನೋಡುತ್ತಾರೆ. ಶಿಲುಬೆ ವಾಲುತ್ತದೆ, ಹೆಸರಿನ ಫಲಕ ಜಾರಿ ಪಕ್ಕದವರ ಸಮಾಧಿಗೆ ಸೇರುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲದ ಊರುಗಳಿಗೆ ಈ ಪಾಡಿಲ್ಲ. ಎರೆಯಲ್ಲಿ ಗುರುತು ಉಳಿಯಬೇಕಾದರೆ ನಕ್ಷೆಯೇ ಗತಿ: ಗೇಟಿನಿಂದ ಎಣಿಸಿ ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂದು ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದುಬಿಡುವುದು.

ಆ ಜಾಗ ಯಾರದು ಎಂಬ ಪ್ರಶ್ನೆ ಜಗಳ ಬಂದ ಮೇಲೆಯೇ ಏಳುತ್ತದೆ. ಪಹಣಿ ತೆಗೆಸಿ 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಷರಾ ಇದೆ ನೋಡಬೇಕು. ಸರ್ಕಾರಿ ಜಾಗದಲ್ಲಿ ತಲೆಮಾರಿನಿಂದ ಹೂಳುತ್ತಾ ಬಂದಿದ್ದರೆ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಸ್ಮಶಾನಕ್ಕೆ ಕಾಯ್ದಿರಿಸಿ ಎಂದು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಅರ್ಜಿ, ಜೊತೆಗೆ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಇನ್ನೊಂದು. ಆ ಅರ್ಜಿಗೆ ಲಗತ್ತಿಸಲು ಸಮಾಧಿಯ ಪುಸ್ತಕದ ನಕಲಿಗಿಂತ ಗಟ್ಟಿಯಾದ ಕಾಗದ ಇಲ್ಲ: ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಷ್ಟು ಜನ ಇಲ್ಲಿ ಮಲಗಿದ್ದಾರೆ.

ಚುನಾವಣೆಯ ಬಗ್ಗೆ ಎರಡು ಮಾತು, ಏಕೆಂದರೆ ಚರ್ಚು ಮತ್ತು ನಾಗರಿಕ ಬದುಕು ಎಂದಾಗ ಜನ ಮೊದಲು ಕೇಳುವುದೇ ಅದನ್ನು. ಆರಾಧನೆಯ ಕೊನೆಯ ಪ್ರಕಟಣೆಯ ಐದು ನಿಮಿಷ ಬಹಳ ಬೆಲೆಯುಳ್ಳದ್ದು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8. 18 ತುಂಬುವ ಲೆಕ್ಕಕ್ಕೆ ಈಗ ವರ್ಷದಲ್ಲಿ ನಾಲ್ಕು ತಾರೀಖು, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಗುಳೆ ಹೋದವರ ಮನೆ ಬೀಗ ನೋಡಿ ಹೆಸರು ತೆಗೆಯುವ ಅಪಾಯ ಇರುವುದರಿಂದ ಊರಲ್ಲಿ ಉಳಿದವರು ಕರಡು ಪಟ್ಟಿ ನೋಡಲೇಬೇಕು. ಇಷ್ಟು ಹೇಳಿ ಮೈಕು ಕೆಳಗಿಡಬೇಕು. ಇಂಥವರಿಗೆ ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದರೆ ಅದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(2)ರ ಪ್ರಕಾರ ಅನುಚಿತ ಪ್ರಭಾವ. ಅಭ್ಯರ್ಥಿಯನ್ನು ಚರ್ಚಿನ ವೇದಿಕೆಗೆ ಕರೆದು ಅವರ ಪ್ರಚಾರಕ್ಕೆ ಜಾಗ ಕೊಟ್ಟರೆ 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಎದುರಾಗುತ್ತದೆ, ಐದು ವರ್ಷದವರೆಗೆ ಸಜೆ. ಕಾಂಪೌಂಡಿಗೆ ಸುಣ್ಣ ಬಳಿಸಿಕೊಡುತ್ತೇನೆ, ಬೋರ್‌ವೆಲ್ ಹಾಕಿಸಿಕೊಡುತ್ತೇನೆ ಎಂದು ಬರುವವರಿಗೆ ಚುನಾವಣೆ ಮುಗಿದ ಮೇಲೆ ಬನ್ನಿ ಎಂದರೆ ಸಾಕು. ಹೆಚ್ಚಿನವರು ಬರುವುದಿಲ್ಲ.

ಪುಸ್ತಕಗಳನ್ನು ಇಡುವ ಬಗೆ. ಜೆಲ್ ಪೆನ್ನು ಬೇಡ, ಒಂದು ಹನಿ ಸೋರಿದರೆ ಇಡೀ ಪುಟ ನೀಲಿ. ಕಪ್ಪು ಬಾಲ್ ಪೆನ್ನು ಸಾಕು. ಹಳೆಯ ಹಾಳೆಗೆ ಲ್ಯಾಮಿನೇಷನ್ ಮಾಡಿಸಬೇಡಿ, ಶಾಖಕ್ಕೆ ಹಾಳೆ ಕೆಟ್ಟರೆ ಬಿಡಿಸಲು ಬರುವುದಿಲ್ಲ; ಮೊಬೈಲಿನಲ್ಲಿ ಪುಟಪುಟವಾಗಿ ಫೋಟೋ ತೆಗೆದು ಎರಡು ಕಡೆ ಇಡಿ. ಗೆದ್ದಲು ಗೋಡೆ ಹಿಡಿದು ಬರುತ್ತದೆ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದಿಡಿ. ಪುಸ್ತಕ ಹೆಚ್ಚಾಗಿ ಕಳೆಯುವುದು ಗೆದ್ದಲಿಗಲ್ಲ, ವರ್ಗಾವಣೆಗೆ. ಹೋಗುವ ಪಾಸ್ಟರ ಸಾಮಾನಿನ ಜೊತೆ ಲಾರಿ ಹತ್ತಿ ಹೋಗಿರುತ್ತದೆ, ಮೂರು ವರ್ಷದ ನಂತರ ಇನ್ಯಾವುದೋ ಊರಿನ ಅಟ್ಟದಲ್ಲಿ ಸಿಗುತ್ತದೆ. ಅದಕ್ಕೆ ಒಂದು ಹಾಳೆಯ ಹಸ್ತಾಂತರ ಪಟ್ಟಿ ಇರಲಿ: ಪುಸ್ತಕದ ಹೆಸರು, ಎಷ್ಟನೇ ಪುಟದವರೆಗೆ ಬರೆದಿದೆ, ಕೊನೆಯ ಕ್ರಮಸಂಖ್ಯೆ ಯಾವುದು, ರಿಜಿಸ್ಟ್ರಾರರಿಗೆ ಹೋಗದೆ ಉಳಿದ ಸರ್ಟಿಫಿಕೇಟುಗಳು ಎಷ್ಟು. ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ, ಸಭೆಯ ಹಿರಿಯರಲ್ಲಿ ಇಬ್ಬರ ಸಹಿ, ಬೀರುವಿನ ಕೀಲಿ ಎರಡು.